ತಾಮ್ರದ ಬಣ್ಣದ ಗಿಂಡಿ

ಗುಳಿಗೆ ನುಂಗುವ ಕಾಲ ಮುಗಿದುಹೋಗಿತ್ತು. ಆಗಿನ ಮಕ್ಕಳಿಗೆ ಹೇಳಿದರೆ ಬಿದ್ದು ಬಿದ್ದು ನಗುತ್ತಿದ್ದವು. ಔಷಧಿಯನ್ನು ನುಂಗ್ತಿದ್ರಾ ಅಜ್ಜಿ? ನೀರು ಕುಡಿದು? ಹೌದಪ್ಪ, ನುಂಗುತ್ತಿದ್ದರು, ಗಂಟಲಿಗೆ ಸಿಕ್ಕಿಸಿಕೊಂಡು ಒದ್ದಾಡುತ್ತಲೂ ಇದ್ದರು. ಹೊಟ್ಟೆಗೆ ಹೋದ ಔಷಧಿ ಅರ್ಧ ಅಲ್ಲೇ ಹಾಳಾಗುತ್ತೆ, ಉಸಿರಿನ ಜೊತೆ ಹೋದದ್ದು ನೆಟ್ಟಗೆ ರಕ್ತ ಸೇರುತ್ತೆ ಅಂತ ಯಾರೋ ಪುಣ್ಯಾತ್ಮರು ತೋರಿಸಿಕೊಟ್ಟರು ನೋಡಿ, ಅಲ್ಲಿಂದ ಎಲ್ಲವೂ ಹಬೆಯಾಯಿತು. ಬಿ.ಪಿ.ಗೆ ಕೆಂಪು ಹರಳು, ಸಕ್ಕರೆ ಕಾಯಿಲೆಗೆ ಹಸಿರು ಹರಳು, ಉಬ್ಬಸಕ್ಕೆ ಬಿಳಿ ಹರಳು. ಹರಳನ್ನು ಬಟ್ಟಲಿಗೆ ಹಾಕಿ, ಗುಂಡಿ ಒತ್ತಿ, ಕೊಳವೆಗೆ ಬಾಯಿಟ್ಟು ಎಳೆದರೆ ಆಯಿತು. ಗುಳಿಗೆ ಮಾಡುತ್ತಿದ್ದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಎಳೆದುಕೊಂಡವು.

ದಾವಣಗೆರೆಯಲ್ಲಿ ಆ ಯಂತ್ರಕ್ಕೆ ಗಿಂಡಿ ಅಂತಲೇ ಹೆಸರು. ಕಂಪನಿಯವರು ಇಟ್ಟ ಹೆಸರು ಏನೋ ಉದ್ದದ್ದಿತ್ತು, ಯಾರಿಗೂ ನೆನಪಿರಲಿಲ್ಲ. ನೋಡಲು ದೇವರ ಮನೆಯ ಗಿಂಡಿಯ ಹಾಗೇ ಹೊಟ್ಟೆ, ಹಾಗೇ ಸಣ್ಣ ಮೂತಿ. ಒಳಗೊಂದು ಬಟ್ಟಲು, ಕಳಚಿ ತೆಗೆಯುವಂಥದ್ದು, ಫಳಫಳ ಹೊಳೆಯುವ ತಾಮ್ರದ ಬಣ್ಣದ್ದು. ಮಾಡುತ್ತಿದ್ದವರು ಊರಿನವರೇ, ಹೈವೇ ಆಚೆಯ ಸಮೀರ ಕಂಪನಿ. ಅದರ ಯಜಮಾನರು ಡಾಕ್ಟರ್ ವಾಮನಮೂರ್ತಿ. ಮದುವೆಯಲ್ಲಿ ಗಿಂಡಿ ಉಡುಗೊರೆ, ಗೃಹಪ್ರವೇಶಕ್ಕೆ ಗಿಂಡಿ ಉಡುಗೊರೆ, ಮನೆಗೆ ಬಂದ ಹಿರಿಯರಿಗೆ ಊಟವಾದ ಮೇಲೆ ಎಲೆ ಅಡಿಕೆಯ ತಟ್ಟೆಯ ಪಕ್ಕದಲ್ಲೇ ಗಿಂಡಿ. "ನಿಮ್ಮ ಹರಳು ತಂದಿದೀರಾ, ಇಲ್ಲಾ ನಮ್ಮದೇ ಕೊಡ್ಲಾ?" ಅಂತ ಕೇಳುವುದು ಮರ್ಯಾದೆಯ ಮಾತಾಗಿಬಿಟ್ಟಿತ್ತು.

ಇಂದುಕಲಾ ಅದೇ ಕಂಪನಿಯ ಪರೀಕ್ಷಾ ವಿಭಾಗದಲ್ಲಿದ್ದಳು. ಗಿಂಡಿಯಿಂದ ಹೊರಬರುವ ಹಬೆಯಲ್ಲಿ ಔಷಧಿ ಬಿಟ್ಟು ಬೇರೇನಾದರೂ ಇದೆಯೇ ಅಂತ ನೋಡುವುದು ಅವಳ ಕೆಲಸ. ಗಂಡ ರೇಣುಕಪ್ರಸಾದ ಸೇತುವೆ ಕಟ್ಟಿಸುವ ಎಂಜಿನಿಯರು, ವರ್ಷದಲ್ಲಿ ಮುಕ್ಕಾಲು ಪಾಲು ಗುಜರಾತಿನಲ್ಲಿ. ಮನೆಯಲ್ಲಿ ಅವಳು ಮತ್ತು ಅತ್ತೆ ಸರ್ವಮಂಗಳಮ್ಮ, ಇಬ್ಬರೇ.

ಸರ್ವಮಂಗಳಮ್ಮ ಸಾಮಾನ್ಯ ಹೆಂಗಸಲ್ಲ. ಮಂಡಕ್ಕಿ ಭಟ್ಟಿಯ ಮುಂದೆ ನಿಂತು ಸಂಸಾರ ತೂಗಿಸಿದವರು. ಆ ಭಟ್ಟಿಯ ಹೊಗೆ ಕುಡಿದೂ ಕುಡಿದೂ ಅವರ ಶ್ವಾಸಕೋಶ ಗಟ್ಟಿಯಾಗುತ್ತಾ ಬಂದಿತ್ತು. ಒಮ್ಮೆಯಂತೂ ತುಟಿ ನೀಲಿಯಾಗಿ ಕಣ್ಣು ಮೇಲೆ ಮಾಡಿ ಆಸ್ಪತ್ರೆ ಸೇರಿದ್ದರು. ಇನ್ನಾಯಿತು ಅಂದುಕೊಂಡಿದ್ದಾಗ ವಾಮನಮೂರ್ತಿಗಳೇ ಮೊದಲ ಗಿಂಡಿಗಳಲ್ಲಿ ಒಂದನ್ನು ಕೈಯಲ್ಲಿ ಹಿಡಿದುಕೊಂಡು ವಾರ್ಡಿಗೆ ಬಂದರು, ಬಿಳಿ ಹರಳು ಹಾಕಿ ಎಳೆಸಿದರು, ಸಂಜೆ ಹೊತ್ತಿಗೆ ಅತ್ತೆ ಎದ್ದು ಕೂತು ಆಸ್ಪತ್ರೆಯ ಸಾರು ಸಪ್ಪೆ ಅಂತ ಜಗಳ ತೆಗೆದರು. ಅವತ್ತಿನಿಂದ ವಾಮನಮೂರ್ತಿ ಅಂದರೆ ಆ ಮನೆಗೆ ದೇವರು. ಇಂದುಕಲಾಗಂತೂ ಕಾಲೇಜಿನಲ್ಲಿ ಪಾಠ ಹೇಳಿದ ಗುರುಗಳು ಬೇರೆ. ಅವರು ಹಗಲನ್ನು ಇರುಳು ಅಂದಿದ್ದರೂ ಅವಳು ಒಂದು ಸಲ ಕಿಟಕಿಯಿಂದ ಆಚೆ ನೋಡಿ ಆಮೇಲೆ ಯೋಚನೆ ಮಾಡುತ್ತಿದ್ದಳೋ ಏನೋ.

ಹೋದ ಯುಗಾದಿಗೆ ಕಂಪನಿಯವರು ಹಳೆಯ ಗಿಂಡಿ ಕೊಟ್ಟು ಹೊಸದು ಒಯ್ಯಿರಿ ಅಂತ ಮೇಳ ಮಾಡಿದರು. ಹೊಸದು ಬೇಗ ಕಾಯುತ್ತೆ, ಹಗುರ ಇದೆ, ತಾಮ್ರದ ಬಣ್ಣ ಇದೆ. ಅತ್ತೆ ಕುಣಿದುಕೊಂಡು ಹೋಗಿ ಬದಲಾಯಿಸಿಕೊಂಡು ಬಂದರು.

ಶ್ರಾವಣದ ಒಂದು ಬೆಳಿಗ್ಗೆ ಇಂದುಕಲಾ ತಿಂಡಿ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದಾಗ ಅತ್ತೆ ಹಜಾರದಿಂದಲೇ ಹೇಳಿದರು:

"ಇಂದೂ, ಈಗೀಗ ಔಷಧಿ ಜೋರಾಗೈತೆ ಕಣೇ."

"ಜೋರು ಅಂದ್ರೆ?"

"ಎಳೆದ ಮೇಲೆ ಬಾಯೆಲ್ಲ ಮೊಳೆ ಚೀಪಿದಂಗೆ ಆಗ್ತೈತೆ. ಎದುರು ಮನೆ ಚನ್ನವೀರಮ್ಮಗೂ ಹಂಗೇ ಅಂತೆ. ಡಾಕ್ಟ್ರು ಸ್ಟ್ರಾಂಗ್ ಮಾಡಿರಬೇಕು, ಪುಣ್ಯಾತ್ಮ."

ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಆ ಕೆಮ್ಮು ಹಿಂದಿನಂತಿರಲಿಲ್ಲ. ಒಣಗಿದ್ದು, ಚಿಕ್ಕದು, ಮುಗಿಯದ್ದು. ಇಂದುಕಲಾಳ ಕೈ ಡಬ್ಬಿಯ ಮೇಲೇ ನಿಂತಿತು. ಹರಳನ್ನು ಯಾರೂ ಬದಲಾಯಿಸಿರಲಿಲ್ಲ. ಬದಲಾಯಿಸಿದ್ದರೆ ಮೊದಲು ಅವಳಿಗೆ ಗೊತ್ತಾಗಬೇಕು.

ಅವಳು ಬಂದು ಗಿಂಡಿಯ ಬಟ್ಟಲನ್ನು ಕಳಚಿ ಬೆಳಕಿಗೆ ಹಿಡಿದಳು. ಗೋಡೆಗಳೆಲ್ಲ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ತಳದಲ್ಲಿ ಮಾತ್ರ ಉಗುರಿನಷ್ಟಗಲ ಒಂದು ಬೂದು ಕಲೆ ಇತ್ತು. ಸೀರೆ ಸೆರಗಿನಿಂದ ಒರೆಸಿದಳು, ಹೋಗಲಿಲ್ಲ. ಉಗುರಿನಿಂದ ಕೆರೆದಳು, ಆಗಲೂ ಹೋಗಲಿಲ್ಲ.

"ಏನಾಯ್ತೇ?"

"ಏನಿಲ್ಲ ಅತ್ತೆ. ಕಲೆ."

ಏನಿಲ್ಲ ಅಂದದ್ದು ಅತ್ತೆಗಲ್ಲ, ತನಗೇ ಹೇಳಿಕೊಂಡದ್ದು. ಇಂಥ ಹೊತ್ತಿನಲ್ಲಿ ಮನುಷ್ಯರು ಮೊದಲು ತಮ್ಮ ಕಣ್ಣನ್ನೇ ಬೈದುಕೊಳ್ಳುತ್ತಾರೆ, ಏನು ಮಾಡೋದು.

ಲ್ಯಾಬಿಗೆ ಹೋದವಳೇ ಗೋದಾಮಿನಿಂದ ಹೊಸ ಬಟ್ಟಲುಗಳನ್ನು ತರಿಸಿದಳು. ಅವುಗಳನ್ನು ಕಾಯಿಸಿದಳು, ಆರಿಸಿದಳು, ಮತ್ತೆ ಕಾಯಿಸಿದಳು. ಯಂತ್ರದ ಕೈ ಒಂದು ವಾರ ಹಗಲೂ ರಾತ್ರಿ ಅದೇ ಕೆಲಸ ಮಾಡಿತು, ಮನೆಯಲ್ಲಿ ಮೂರು ವರ್ಷ ಬಳಸಿದಷ್ಟಾಯಿತು. ಹಬೆಯನ್ನು ಹಿಡಿದು ಪರೀಕ್ಷೆಗೆ ಇಟ್ಟಳು. ಔಷಧಿ ಬಿಟ್ಟು ಏನೂ ಇಲ್ಲ. ಬಟ್ಟಲಿನ ಒಳಗೆ ಗಾಜಿನಂಥ ತೆಳು ಲೇಪ ಇರುತ್ತೆ, ತಾಮ್ರದ ಬಣ್ಣ ಅದರದ್ದೇ. ಅದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಇಂದುಕಲಾಗೆ ಎಷ್ಟು ಸಮಾಧಾನವಾಯಿತು ಅಂದರೆ ಕ್ಯಾಂಟೀನಿಗೆ ಹೋಗಿ ಎರಡು ಪ್ಲೇಟು ಖಾರ ಮಂಡಕ್ಕಿ ತಿಂದಳು.

ಆದರೂ ವಾಮನಮೂರ್ತಿಗಳ ಕಿವಿಗೆ ಹಾಕಿಬಿಡೋಣ ಅಂತ ಅವರ ಕೋಣೆಗೆ ಹೋದಳು. ಅವರು ಕನ್ನಡಕ ಹಣೆಗೇರಿಸಿಕೊಂಡು ನಕ್ಕರು.

"ಕಲೆ? ನಮ್ಮ ಬಟ್ಟಲಿನಲ್ಲಿ? ಆ ಲೇಪವನ್ನು ಮೊಳೆಯಿಂದ ಗೀಚಿ ನೋಡಮ್ಮ, ಮೊಳೆ ಸವೆಯುತ್ತೆ. ಹಾಲೋ ಸಾರೋ ಕಾಯಿಸಿರಬೇಕು ನಿಮ್ಮತ್ತೆ. ಅವರನ್ನು ನಂಬೋ ಹಾಗಿಲ್ಲ."

ಇಬ್ಬರೂ ನಕ್ಕರು. ಬಾಗಿಲ ಹತ್ತಿರ ಬಂದಮೇಲೆ ಅವಳಿಗೆ ಹೊಳೆಯಿತು: ಅವರು ಕಲೆಯ ಬಣ್ಣ ಯಾವುದು ಅಂತ ಕೇಳಲಿಲ್ಲ. ಕಾಲೇಜಿನಲ್ಲಿ ಇದೇ ಮೇಷ್ಟ್ರು, ಬಣ್ಣ ಹೇಳದೆ ಕಲೆ ಅಂದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಮುಂದಿನ ಸೋಮವಾರ ರಜೆ ಇತ್ತು. ಇಂದುಕಲಾ ಬೆಳಗಿನ ಹೊತ್ತು ಮನೆಯಲ್ಲಿ ಇರುವುದೇ ಅಪರೂಪ. ಅವತ್ತು ಹಿತ್ತಲ ಬಾಗಿಲಿಗೆ ಬಂದು ನೋಡುತ್ತಾಳೆ, ಬಚ್ಚಲ ಕಲ್ಲಿನ ಮೇಲೆ ಅತ್ತೆ ಕೂತಿದ್ದಾರೆ, ಮುಂದೆ ಪೂಜೆಯ ಸಾಮಾನುಗಳ ರಾಶಿ. ಗಂಗಾಳ, ತಂಬಿಗೆ, ಅಭಿಷೇಕದ ಚೆಂಬು, ದೀಪದ ಕಂಬ. ಒಂದು ಬೋಗುಣಿಯಲ್ಲಿ ಹುಣಸೆಹಣ್ಣು ನೆನೆದಿದೆ, ಪಕ್ಕದಲ್ಲಿ ಕಲ್ಲುಪ್ಪು. ಚೆಂಬನ್ನು ತಿಕ್ಕಿ ಬದಿಗಿಟ್ಟರು. ಆಮೇಲೆ ಗಿಂಡಿಯ ಬಟ್ಟಲು ತೆಗೆದುಕೊಂಡು, ಹುಣಸೆಹಣ್ಣಿನ ಉಂಡೆಯನ್ನು ಉಪ್ಪಿನಲ್ಲಿ ಅದ್ದಿ, ಬಟ್ಟಲಿನ ತಳವನ್ನು ಗಸಗಸ ತಿಕ್ಕತೊಡಗಿದರು.

"ಅತ್ತೆ! ಏನ್ ಮಾಡ್ತಿದ್ದೀರಾ?"

"ಏನು ಕಿರುಚ್ತೀಯೇ? ತಾಮ್ರ ಕಣೇ ಇದು. ಹುಳಿ ಹಾಕ್ದೆ ಇದ್ರೆ ಹೊಳೀತದಾ?"

"ಅದು ತಾಮ್ರ ಅಲ್ಲ ಅತ್ತೆ, ತಾಮ್ರದ ಬಣ್ಣ. ಒಣ ಬಟ್ಟೇಲಿ ಒರೆಸಿ ಅಂತ ಡಬ್ಬಿ ಮೇಲೆ ಬರೆದಿದೆ."

"ಬಟ್ಟೇಲಿ ಒರೆಸಿದ್ದನ್ನ ಬಾಯಿಗೆ ಇಟ್ಕೊಳ್ಳೋಕೆ ನಾನೇನು ಹೇಸಿಗೆ ಹೆಂಗಸಾ? ಯುಗಾದಿಯಿಂದ ವಾರಕ್ಕೊಂದು ಸಲ ತಿಕ್ತಾ ಇದೀನಿ. ಬೀದಿಯೋರಿಗೆಲ್ಲ ನಾನೇ ಹೇಳಿಕೊಟ್ಟಿದ್ದು. ಮೊದಮೊದಲು ಹಂಗೇ ಕಪ್ಪಗೆ ಇಟ್ಕೊಂಡಿದ್ರು, ಅಸಹ್ಯ."

ಇಂದುಕಲಾ ಬಟ್ಟಲನ್ನು ಕಸಿದುಕೊಂಡು ತಳ ನೋಡಿದಳು. ಲ್ಯಾಬಿನಲ್ಲಿ ಕಂಪನಿಯವರು ಏನೇನು ಮಾಡಿರಲಿಲ್ಲ? ಬಟ್ಟಲನ್ನು ಮಹಡಿಯಿಂದ ಎಸೆದಿದ್ದರು, ಮಂಜುಗಡ್ಡೆಯಲ್ಲಿ ಮುಳುಗಿಸಿದ್ದರು, ಮರುಭೂಮಿಯ ಮರಳು ತಂದು ಉಜ್ಜಿದ್ದರು. ಹುಣಸೆಹಣ್ಣು ಯಾರಿಗೂ ಹೊಳೆದಿರಲಿಲ್ಲ. ಅಲ್ಲ, ದಿನಾ ಸಾರಿಗೆ ಹಾಕುವವರು, ಅಮ್ಮಂದಿರು ದೇವರ ಸಾಮಾನು ತಿಕ್ಕುವುದನ್ನು ನೋಡಿಕೊಂಡೇ ಬೆಳೆದವರು, ಬಿಳಿ ಕೋಟು ತೊಟ್ಟ ತಕ್ಷಣ ಮರೆತೇಬಿಟ್ಟಿದ್ದರಲ್ಲ! ನಮ್ಮ ಜನ ತಾಮ್ರ ಅಂದರೆ ಕಣ್ಣುಮುಚ್ಚಿ ನಂಬುತ್ತಾರೆ ಅಂತ ಆ ಬಣ್ಣ ಕೊಟ್ಟವರೂ ಇವರೇ. ತಾಮ್ರವನ್ನು ನಂಬುವವರು ಅದನ್ನು ಹೇಗೆ ತಿಕ್ಕುತ್ತಾರೆ ಅಂತ ಮಾತ್ರ ಯಾರೂ ಕೇಳಿಕೊಳ್ಳಲಿಲ್ಲ.

ಮರುದಿನ ಲ್ಯಾಬಿನಲ್ಲಿ ಅವಳು ಹುಣಸೆ ಹುಳಿ ಕಿವುಚಿದಳು. ಜೊತೆಯವರು ಸಾರಿಗೆ ಒಗ್ಗರಣೆ ಯಾವಾಗ ಅಂತ ಕಿಚಾಯಿಸಿದರು. ಉಪ್ಪು ಹಾಕಿ, ಬಟ್ಟಲನ್ನು ತಿಕ್ಕಿ, ಕಾಯಿಸಿ, ಮತ್ತೆ ತಿಕ್ಕಿ, ಮತ್ತೆ ಕಾಯಿಸಿದಳು. ಮೊಳೆಗೆ ಜಗ್ಗದ ಲೇಪ ಹುಳಿಗೆ ಜಗ್ಗಿತು. ಸಂಜೆ ಹೊತ್ತಿಗೆ ತಳದಲ್ಲಿ ಬೂದು ಕಲೆ ಕಣ್ಣುಬಿಟ್ಟಿತು. ಹಬೆಯನ್ನು ಹಿಡಿದು ಪರೀಕ್ಷೆಗೆ ಹಾಕಿದಾಗ ಪರದೆಯ ಮೇಲೆ ಒಂದು ಗೆರೆ ಎದ್ದಿತು, ಎಲ್ಲಿ ಏಳಬಾರದೋ ಅಲ್ಲಿ. ಅವಳು ಯಂತ್ರವನ್ನು ಆರಿಸಿ, ತೊಳೆದು, ಮತ್ತೆ ಹಾಕಿದಳು. ಮತ್ತೆ ಅದೇ ಗೆರೆ.

ಕ್ಯಾಡ್ಮಿಯಂ. ವಿಷದ ಲೋಹ.

ನಂಬಲಾಗದೆ ಒಂದು ಹೊಸ ಬಟ್ಟಲನ್ನೇ ಗರಗಸದಿಂದ ಎರಡು ಸೀಳು ಮಾಡಿದಳು. ಇಷ್ಟು ವರ್ಷದಲ್ಲಿ ಅವಳು ಬಟ್ಟಲು ಕೊಯ್ದು ನೋಡಿದ್ದೇ ಇಲ್ಲ. ಹಬೆ ಚೊಕ್ಕ ಇದ್ದಮೇಲೆ ಬಟ್ಟಲಿನ ಹೊಟ್ಟೆ ಯಾಕೆ ಬಗೆಯಬೇಕು? ಒಳಗೆ ಉಕ್ಕು ಇದೆ ಅಂತ ಗುರುಗಳು ಹೇಳಿದ್ದರು, ಇದೆ ಅಂದುಕೊಂಡಿದ್ದಳು. ಇರಲಿಲ್ಲ. ಬೇಗ ಕಾಯುವ, ಹಗುರದ, ಬೆರಕೆ ಲೋಹ ಇತ್ತು, ಅದರಲ್ಲಿ ಕ್ಯಾಡ್ಮಿಯಂ ಧಾರಾಳವಾಗಿತ್ತು. ಲೇಪ ಗಟ್ಟಿಯಿರುವವರೆಗೆ ಅದು ಒಳಗೇ ಸುಮ್ಮನಿರುತ್ತೆ. ಹುಳಿ ಲೇಪವನ್ನು ತಿಂದು, ಲೋಹವನ್ನು ಕಚ್ಚಿ, ಬಿಳಿ ಉಪ್ಪಿನಂಥ ಪುಡಿ ಬಿಡುತ್ತೆ. ಬಟ್ಟಲು ಮತ್ತೆ ಕಾದಾಗ ಆ ಪುಡಿ ಹಬೆಯ ಜೊತೆ ಏಳುತ್ತೆ, ಎಳೆದವರ ಎದೆಯೊಳಗೆ ಹೋಗಿ ಕೂರುತ್ತೆ. ಕೂತದ್ದು ಏಳುವುದಿಲ್ಲ. ಗಟ್ಟಿಯಾಗುತ್ತಿರುವ ಶ್ವಾಸಕೋಶವನ್ನು ಇನ್ನಷ್ಟು ಗಟ್ಟಿ ಮಾಡುತ್ತೆ. ಯುಗಾದಿಯಿಂದ ಶ್ರಾವಣದವರೆಗೆ, ದಿನಕ್ಕೆರಡು ಹೊತ್ತು, ಅತ್ತೆ ಅದನ್ನೇ ಎಳೆದಿದ್ದರು.

ಸೀಳಿದ ಬಟ್ಟಲನ್ನು ಅವಳು ವಾಮನಮೂರ್ತಿಗಳ ಮೇಜಿನ ಮೇಲಿಟ್ಟಳು. ಈ ಸಲ ಅವರು ನಗಲಿಲ್ಲ. ಆಶ್ಚರ್ಯವನ್ನೂ ಪಡಲಿಲ್ಲ. ಅವರು ಆಶ್ಚರ್ಯಪಟ್ಟಿದ್ದರೆ ಸಾಕಿತ್ತು, ಅವಳು ಅಲ್ಲೇ ಅವರನ್ನು ಕ್ಷಮಿಸಿಬಿಡುತ್ತಿದ್ದಳು.

"ಗೊತ್ತಿತ್ತಾ ಸರ್ ನಿಮಗೆ?"

"ಕೂತ್ಕೋಮ್ಮ."

"ಗೊತ್ತಿತ್ತಾ?"

"ಲೇಪ ಇರೋವರೆಗೂ ಅದರಿಂದ ಏನೂ ಆಗಲ್ಲ. ನೀನೇ ನೋಡಿದೀಯ. ಉಕ್ಕಿನಲ್ಲಿ ಬೇಡಿಕೆಯಷ್ಟು ಮಾಡೋಕೆ ಆಗ್ತಿರಲಿಲ್ಲ. ಊರೂರಿನಿಂದ ಜನ ಕೇಳ್ತಿದ್ರು, ಗುಳಿಗೆ ನಿಂತುಹೋಗಿತ್ತು. ಏನು ಮಾಡಬೇಕಿತ್ತು ನಾನು? ನಿಮಗೆ ಗಿಂಡಿ ಇಲ್ಲ, ಸಾಯಿರಿ ಅನ್ನಬೇಕಿತ್ತಾ?"

"ಈಗ ಸಾಯ್ತಿದ್ದಾರಲ್ಲ ಸರ್."

"ಹುಣಸೆಹಣ್ಣು ಹಾಕಿ ತಿಕ್ಕಿ ಅಂತ ನಾನು ಹೇಳಿದೆನಾ? ಒಣ ಬಟ್ಟೆ ಅಂತ ಸ್ಪಷ್ಟವಾಗಿ ಬರೆದಿದ್ದೀವಿ. ನಾಳೆಯಿಂದ ಹುಳಿ ಬಳಸಬೇಡಿ ಅಂತಲೂ ಜಾಹೀರಾತು ಕೊಡೋಣ."

"ಆಗಲೇ ಕಲೆ ಬಿದ್ದಿರೋವು?"

ಅವರು ಕನ್ನಡಕ ತೆಗೆದು ಒರೆಸಿದರು. ಮುದುಕರಾಗಿದ್ದಾರೆ ಅಂತ ಅವಳಿಗೆ ಆಗಲೇ ಅನ್ನಿಸಿದ್ದು.

"ಇಂದೂ, ಗಿಂಡಿ ಬಳಸಬೇಡಿ ಅಂತ ಇವತ್ತು ಹೇಳಿದರೆ ನಾಳೆ ಏನು ಬಳಸ್ತಾರೆ? ಹರಳನ್ನ ನುಂಗೋಕಾಗುತ್ತಾ? ಉಕ್ಕಿನ ಬಟ್ಟಲು ಹೊಸದಾಗಿ ಮಾಡೋಕೆ ದೀಪಾವಳಿ ದಾಟುತ್ತೆ. ಅಲ್ಲಿವರೆಗೆ ಉಬ್ಬಸದವರು ಏನ್ಮಾಡಬೇಕು? ನಿನ್ನ ಅತ್ತೆಗೆ ನಾಳೆ ಬೆಳಿಗ್ಗೆ ಏನು ಕೊಡ್ತೀಯ?"

ಗೋದಾಮಿನಿಂದ ಹೊಸ ಬಟ್ಟಲು ಒಯ್ದರೂ ಒಳಗೆ ಅದೇ ಲೋಹ, ಲೇಪ ಯಾವತ್ತು ಬಿಡುತ್ತೋ ಯಾರಿಗೆ ಗೊತ್ತು. ಗಿಂಡಿ ಎಳೆದರೆ ವಿಷ, ಎಳೆಯದಿದ್ದರೆ ಒಂದೆರಡು ದಿನದಲ್ಲಿ ಉಸಿರೇ ಕಟ್ಟುತ್ತೆ.

ವಾಮನಮೂರ್ತಿ ಎದ್ದು ಗೋಡೆಯ ಕಪಾಟು ತೆಗೆದರು. ಹತ್ತಿಯಲ್ಲಿ ಸುತ್ತಿಟ್ಟ ಒಂದು ಬಟ್ಟಲನ್ನು ತಂದು ಅವಳ ಅಂಗೈಯಲ್ಲಿಟ್ಟರು. ತಾಮ್ರದ ಬಣ್ಣವಿಲ್ಲದ, ಬೆಳ್ಳಗಿನ ಬಟ್ಟಲು.

"ಮೊದಲ ಬ್ಯಾಚಿಂದು. ಉಕ್ಕು. ಯಾವ ಹುಳಿ ಹಾಕಿ ತಿಕ್ಕಿದ್ರೂ ಏನೂ ಆಗಲ್ಲ. ನಿಮ್ಮತ್ತೆಗೆ ಕೊಡು. ನಮ್ಮ ಮನೆಯವರಿಗೆ ಅಂತ ಎತ್ತಿಟ್ಟಿದ್ದೆ, ಅದರಲ್ಲಿ ಇದೊಂದು ಹೆಚ್ಚಿತ್ತು."

ನಮ್ಮ ಮನೆಯವರಿಗೆ ಅಂತ ಎತ್ತಿಟ್ಟಿದ್ದೆ. ಅವರು ಅದನ್ನು ಎಷ್ಟು ಸಹಜವಾಗಿ ಹೇಳಿದರು ಅಂದರೆ, ಹೇಳಿದ್ದು ಏನು ಅಂತ ಅವರಿಗೇ ಕೇಳಿಸಲಿಲ್ಲ. ಇಂದುಕಲಾಗೆ ಕೇಳಿಸಿತು. ಬೀದಿಯವರಿಗೆಲ್ಲ ಒಂದು ಬಟ್ಟಲು, ತನ್ನ ಹೆಂಡತಿಗೆ ಬೇರೆ ಬಟ್ಟಲು. ಅವಳ ಮನಸ್ಸಿನಲ್ಲಿ ಇಷ್ಟು ವರ್ಷ ಎದ್ದು ನಿಂತಿದ್ದ ಒಬ್ಬ ಮನುಷ್ಯ ಅಲ್ಲೇ ಕೂತುಬಿಟ್ಟ.

ಆದರೂ, ಸುಳ್ಳು ಯಾಕೆ ಹೇಳಲಿ, ಅವಳು ಬಟ್ಟಲನ್ನು ಚೀಲಕ್ಕೆ ಹಾಕಿಕೊಂಡಳು. ಎಸೆಯಬೇಕಿತ್ತು ಅಂತೀರಾ? ಮನೆಯಲ್ಲಿ ಒಬ್ಬರು ಕೆಮ್ಮುತ್ತಾ ಕೂತಿದ್ದರೆ ನೀವೂ ಎಸೆಯುತ್ತಿರಲಿಲ್ಲ ಬಿಡಿ.

ಅತ್ತೆ ಬಿಳಿ ಬಟ್ಟಲಿನಲ್ಲಿ ಹರಳು ಹಾಕಿ ಎಳೆದರು. ಕಣ್ಣು ಮುಚ್ಚಿ, ಬಿಟ್ಟು, ನಾಲಿಗೆ ಚಪ್ಪರಿಸಿದರು.

"ಮೊಳೆ ರುಚಿ ಇಲ್ಲ ಕಣೇ. ಚೆನ್ನಾಗೈತೆ. ಚನ್ನವೀರಮ್ಮಗೂ ಒಂದು ತಂದುಕೊಡು."

ಇಂದುಕಲಾ ಹರಳಿನ ಡಬ್ಬಿ ಎತ್ತಿಡಲು ತಿರುಗಿದಳು. ಅತ್ತೆ ಅವಳ ಮುಖ ನೋಡಿದರು. ಭಟ್ಟಿಯಲ್ಲಿ ಮಂಡಕ್ಕಿ ಅರಳುವ ಹೊತ್ತನ್ನು ಶಬ್ದದಲ್ಲೇ ತಿಳಿಯುತ್ತಿದ್ದ ಹೆಂಗಸಿಗೆ ಸೊಸೆಯ ಮೌನ ತಿಳಿಯದೇ?

"ಏನು ಮುಚ್ಚಿಡ್ತಾ ಇದೀಯ? ಬೊಗಳು."

ಎರಡು ದಿನ ತಡೆದಳು. ಆ ಎರಡು ದಿನ ಎದುರು ಮನೆಯಿಂದ ಚನ್ನವೀರಮ್ಮನ ಕೆಮ್ಮು ಕೇಳಿದಾಗಲೆಲ್ಲ ಕಿಟಕಿ ಮುಚ್ಚಿದಳು. ಮೂರನೆಯ ದಿನ ಅತ್ತೆಯ ಕಾಲ ಬಳಿ ಕೂತು ಎಲ್ಲ ಹೇಳಿ ಅತ್ತಳು. ಸರ್ವಮಂಗಳಮ್ಮ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಒಂದೇ ಮಾತು ಕೇಳಿದರು: "ಹಂಗಾದ್ರೆ ಬೀದಿಯೋರಿಗೆಲ್ಲ ವಿಷ ಹಾಕಿದ್ದು ನಾನಾ?"

"ಅಲ್ಲ ಅತ್ತೆ! ನೀವು ತೊಳೆದಿದ್ದು. ವಿಷ ಇಟ್ಟಿದ್ದು ಅವರು."

"ತಿಕ್ಕೋದು ಹೇಳಿಕೊಟ್ಟಿದ್ದು ನಾನು ತಾನೇ?" ಅಂದವರೇ ಎದ್ದು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದರು. ಮನೆಮನೆಗೆ ಹೋದರು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಾ. ಗಿಂಡಿ ಎಳೀಬೇಡಿ, ಬಟ್ಟಲ ತಳ ನೋಡ್ಕೊಳ್ಳಿ, ಕಲೆ ಇದ್ರೆ ವಿಷ. ಕೆಲವರು ಹೆದರಿದರು. ಬಹಳ ಜನ ನಂಬಲಿಲ್ಲ. ಡಾಕ್ಟ್ರು ಅಂಥವರಲ್ಲ ಅಂದರು. ಸೊಸೆಗೂ ಕಂಪನಿಗೂ ಏನೋ ಜಗಳವಾಗಿರಬೇಕು ಅಂದರು. ಯಾರೋ ಕಂಪನಿಗೆ ಫೋನೂ ಮಾಡಿದರು.

ಭಾನುವಾರ ಬೆಳಿಗ್ಗೆ ವಾಮನಮೂರ್ತಿಗಳೇ ಬಂದರು. ದೊಡ್ಡ ಕಾರನ್ನು ಬೀದಿ ತುದಿಯಲ್ಲಿ ಬಿಟ್ಟು ನಡೆದುಕೊಂಡು ಬಂದರು, ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸಿದರು. ಸರ್ವಮಂಗಳಮ್ಮನ ಮನೆಯ ಮುಂದೆ ಬೀದಿಗೆ ಬೀದಿಯೇ ನೆರೆಯಿತು, ಹೆಚ್ಚಿನವರ ಕೈಯಲ್ಲಿ ತಮ್ಮ ತಮ್ಮ ಗಿಂಡಿ. ಇಂದುಕಲಾ ಬಾಗಿಲಲ್ಲಿ ನಿಂತಿದ್ದಳು. ಅವಳ ಕಡೆ ಅವರು ನೋಡಲಿಲ್ಲ.

"ಏನೂ ಗಾಬರಿ ಬೇಡ," ಅಂದರು. "ನಮ್ಮ ಗಿಂಡಿ ಸುರಕ್ಷಿತ. ಹುಳಿ ಮಾತ್ರ ಹಾಕಬೇಡಿ. ನಾನು ನಿಮ್ಮವನು, ನಿಮಗೆ ಕೆಟ್ಟದ್ದು ಮಾಡ್ತೀನಾ?"

ಜನ ತಲೆದೂಗಿದರು. ಕೆಲವರ ಮುಖದಲ್ಲಿ ನಿರಾಳ ಮೂಡಿದ್ದು ಇಂದುಕಲಾಗೆ ಕಂಡಿತು. ಇವತ್ತು ಸಂಜೆ ಇವರೆಲ್ಲ ಮತ್ತೆ ಎಳೆಯುತ್ತಾರೆ.

ಸರ್ವಮಂಗಳಮ್ಮ ಕುರ್ಚಿ ಹಾಕಿಸಿದರು. "ಕೂತ್ಕೋಬೇಕು ಡಾಕ್ಟ್ರೇ. ಬಿಸಿಲಲ್ಲಿ ಬಂದಿದೀರಿ, ನಿಮಗೂ ಬಿ.ಪಿ. ಐತಲ್ಲ. ನಮ್ಮನೆ ಗಿಂಡಿ ತಗೊಳ್ರಿ." ಒಳಗಿಂದ ತಮ್ಮ ಹಳೆಯ ಬಟ್ಟಲನ್ನು ತಂದು, ಕಲೆ ಇದ್ದದ್ದನ್ನೇ, ಗಿಂಡಿಗೆ ಸೇರಿಸಿ, ಕೆಂಪು ಹರಳು ಹಾಕಿ, ಗುಂಡಿ ಒತ್ತಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ವಾಮನಮೂರ್ತಿ ಬಟ್ಟಲ ತಳ ನೋಡಿದರು. ಆಮೇಲೆ ಸುತ್ತ ಕಣ್ಣಾಡಿಸಿದರು. ಕೊಳವೆಗೆ ಬಾಯಿಟ್ಟು ಒಂದು ಸಲ ಎಳೆದೇಬಿಟ್ಟರು. ಜನರ ನಡುವೆ ಯಾರೋ ಚಪ್ಪಾಳೆ ತಟ್ಟಿದರು. ಇಂದುಕಲಾ ಕಣ್ಣು ಮುಚ್ಚಿಕೊಂಡಳು. ಒಂದು ಉಸಿರಿನಿಂದ ಏನೂ ಆಗುವುದಿಲ್ಲ, ಅದು ಅವರಿಗೂ ಗೊತ್ತು, ಅವಳಿಗೂ ಗೊತ್ತು. ಬೀದಿಯವರಿಗೆ ಗೊತ್ತಿಲ್ಲ.

"ಇನ್ನೂ ಹಬೆ ಐತೆ ಡಾಕ್ಟ್ರೇ," ಅಂದರು ಅತ್ತೆ. "ಹರಳು ಮುಗಿಯೋವರೆಗೂ ಎಳೀಬೇಕು ಅಂತ ನೀವೇ ತಾನೇ ನಮಗೆ ಹೇಳಿಕೊಟ್ಟಿದ್ದು?"

ಅವರು ಇನ್ನೊಂದು ಸಲ ಎಳೆದರು. ಮೂರನೆಯ ಸಲ ಎಳೆಯುವಾಗ ಮುಖ ಕಿವುಚಿತು. ಮೊಳೆಯ ರುಚಿ ನಾಲಿಗೆಗೆ ತಾಗಿರಬೇಕು. ಕೊಳವೆಯನ್ನು ಬಾಯಿಂದ ತೆಗೆದು ಗಿಂಡಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಸಾಕಮ್ಮ."

"ಯಾಕ್ರೀ? ನಾನು ಐದು ತಿಂಗಳು ಪೂರ್ತಿ ಎಳೆದಿದೀನಿ."

ವಾಮನಮೂರ್ತಿ ಕರವಸ್ತ್ರದಿಂದ ತುಟಿ ಒರೆಸಿಕೊಂಡರು, ಒರೆಸಿಕೊಂಡೇ ಇದ್ದರು. ಮೊದಲು ಚನ್ನವೀರಮ್ಮ ತನ್ನ ಗಿಂಡಿಯನ್ನು ಅವರ ಕಾಲ ಮುಂದೆ ಇಟ್ಟಳು. ಆಮೇಲೆ ಪಕ್ಕದವರು. ಆಮೇಲೆ ಅದರಾಚೆಯವರು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವರಿಗೆ ಸುಲಭವಾಗುತ್ತಿತ್ತೇನೋ.

"ನಮಗೆ ಈಗ ಉಸಿರಿಗೆ ಏನು ಗತಿ?" ಅಂತ ಚನ್ನವೀರಮ್ಮ ಕೇಳಿದಳು. ಬೆಳಿಗ್ಗೆಯಿಂದ ಎಳೆದಿರಲಿಲ್ಲ, ಎದೆ ಸುಯ್ಯೆನ್ನುತ್ತಿತ್ತು.

"ನಮ್ಮನೇಲಿ ಒಂದು ಒಳ್ಳೆ ಬಟ್ಟಲೈತೆ," ಅಂದರು ಸರ್ವಮಂಗಳಮ್ಮ. "ಬಿಳಿ ಹರಳಿನೋರೆಲ್ಲ ನಿಮ್ಮ ನಿಮ್ಮ ಹರಳು, ಕೊಳವೆ ತಗೊಂಡು ಬರ್ರಿ. ಒಬ್ಬರಾದ ಮೇಲೆ ಒಬ್ಬರು. ಮೊದಲು ಚನ್ನವೀರಮ್ಮ, ಆಮೇಲೆ ಅವರು, ಇವರು. ನಾನು ಕೊನೆಗೆ."

"ಅತ್ತೆ, ಬೀದಿಯೋರಿಗಿಲ್ಲದ್ದು ನನಗೂ ಬೇಡ ಅಂತ ನೀವು ನಿನ್ನೆ ಸಂಜೆಯಿಂದ ತಗೊಂಡಿಲ್ಲ," ಇಂದುಕಲಾ ಪಿಸುಗುಟ್ಟಿದಳು.

"ಸುಮ್ನಿರೇ. ತರೋಗು."

ಬಿಳಿ ಬಟ್ಟಲು ಬಂತು. ಚನ್ನವೀರಮ್ಮ ಹರಳು ಹಾಕಿ ಕೊಳವೆಯನ್ನು ತುಟಿಯ ಹತ್ತಿರ ತಂದಳು. ತಂದವಳು ತಡೆದಳು. ಬಟ್ಟಲು ನೋಡಿದಳು, ಇಂದುಕಲಾಳನ್ನು ನೋಡಿದಳು.

"ಇದನ್ನ ನೀನು ಪರೀಕ್ಷೆ ಮಾಡಿದೀಯ ತಾನೇ ತಾಯಿ?"

ಇಂದುಕಲಾ ಬಟ್ಟಲ ಕಡೆ ನೋಡಿದಳು. ಮಾಡಿರಲಿಲ್ಲ. ಕೊಯ್ದಿರಲಿಲ್ಲ, ಗೀರಿರಲಿಲ್ಲ, ಅದರ ಹಬೆಯನ್ನು ಹಿಡಿದು ನೋಡಿರಲಿಲ್ಲ. ಉಕ್ಕು ಅಂತ ಅವರು ಹೇಳಿದ್ದರು, ಉಕ್ಕು ಅಂದುಕೊಂಡು ಅತ್ತೆಯ ಬಾಯಿಗಿಟ್ಟಿದ್ದಳು. ಬಟ್ಟಲು ಸೀಳಿ ಅವರ ಮೇಜಿನ ಮೇಲೆ ಇಟ್ಟ ಅದೇ ದಿನ, ಅದೇ ಕೋಣೆಯಲ್ಲಿ, ಅದೇ ಮನುಷ್ಯನ ಬಾಯಿಮಾತನ್ನು ಮತ್ತೊಮ್ಮೆ ನಂಬಿದ್ದಳು. ಮೊಳೆ ರುಚಿ ಇಲ್ಲ ಅಂತ ಅತ್ತೆ ಅಂದದ್ದೇ ಸಾಕು ಅಂದುಕೊಂಡಿದ್ದಳು. ತಾಮ್ರದ ಬಣ್ಣದ ಬಟ್ಟಲೂ ಯುಗಾದಿಯಲ್ಲಿ ಹೊಸದಾಗಿದ್ದಾಗ ಆ ರುಚಿ ಇರಲಿಲ್ಲವಲ್ಲ!

"ಇಲ್ಲ," ಅಂದಳು. ನಾಚಿಕೆಯಿಂದ ಅವಳ ಕಿವಿ ಕಾದವು. "ಮಾಡಿಲ್ಲ ಅಮ್ಮ."

ಎಲ್ಲರೂ ವಾಮನಮೂರ್ತಿಗಳ ಕಡೆ ತಿರುಗಿದರು.

"ಅದು ಉಕ್ಕೇ," ಅಂದರು ಅವರು. ಧ್ವನಿ ಒಡೆದಿತ್ತು. "ನನ್ನ ಮಕ್ಕಳಾಣೆಗೂ ಉಕ್ಕು. ಎಳೀರಿ ಚನ್ನವೀರಮ್ಮ, ಎದೆ ಕಟ್ಟುತ್ತೆ. ನನ್ನ ಹೆಂಡತಿ ಅಂಥದ್ದರಲ್ಲೇ ಎಳೆಯೋದು. ನಂಬಿ."

ಅವರು ಹೇಳಿದ್ದು ನಿಜವೇ ಇದ್ದೀತು. ಅವರ ಕಣ್ಣಲ್ಲಿ ನೀರು ಬಂದದ್ದೂ ಸುಳ್ಳಿರಲಿಕ್ಕಿಲ್ಲ. ಚನ್ನವೀರಮ್ಮ ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅವಳ ಎದೆ ಏರಿಳಿಯುವುದು ಎಲ್ಲರಿಗೂ ಕಾಣುತ್ತಿತ್ತು, ಆದರೂ ಎಳೀ ಅಂತ ಒಬ್ಬರೂ ಅನ್ನಲಿಲ್ಲ.

ಇಂದುಕಲಾ ಬಟ್ಟಲನ್ನು ಕಳಚಿ ಕೈಗೆ ತೆಗೆದುಕೊಂಡಳು. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಅವಳ ಗೆಳತಿಯಿದ್ದಳು. ಅಂಚಿನಲ್ಲಿ ಒಂದು ಚೂರು ಕೊಯ್ದರೆ ಸಾಕು, ಗೊತ್ತಾಗುತ್ತೆ. ಆದರೆ ಹೋಗಿ, ಬೀಗ ತೆಗೆಸಿ, ನೋಡಿ ಬರುವಷ್ಟರಲ್ಲಿ ಮಧ್ಯಾಹ್ನ ದಾಟೀತು. ಅವಳು ಅತ್ತೆಯ ಮುಂದೆ ಮಂಡಿಯೂರಿದಳು. ಅತ್ತೆಯ ತುಟಿಯ ಅಂಚು ಆಗಲೇ ನೀಲಿಗೆ ತಿರುಗಿತ್ತು.

"ಅತ್ತೆ, ಅಲ್ಲಿವರೆಗೂ ತಡೀತೀರಾ? ಬೇಡ ಅಂದ್ರೆ ಈಗಲೇ ಎಳೆದುಬಿಡಿ. ನಿಮ್ಮಿಷ್ಟ. ನನಗೆ ಏನೂ ತೋಚ್ತಿಲ್ಲ."

ಸರ್ವಮಂಗಳಮ್ಮ ಉತ್ತರ ಕೊಡಲು ಎರಡು ಉಸಿರು ತೆಗೆದುಕೊಂಡರು.

"ತಡೀತೀನಿ. ನೀನು ಕಣ್ಣಾರೆ ನೋಡ್ಕೊಂಡು ಬಾ. ಬೇರೆಯೋರು ಹೇಳಿದ್ದನ್ನ ನನಗೆ ಬಂದು ಹೇಳಬೇಡ."

ಇಂದುಕಲಾ ಬಟ್ಟಲನ್ನು ಸೆರಗಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಕೂಟರ್ ಹತ್ತಿದಳು. ಜನ ದಾರಿ ಬಿಟ್ಟರು, ವಾಮನಮೂರ್ತಿಗಳೂ ಕುರ್ಚಿ ಸರಿಸಿ ದಾರಿ ಬಿಟ್ಟರು. ಬೀದಿ ತಿರುವಿನಲ್ಲಿ ಒಮ್ಮೆ ಹಿಂದಕ್ಕೆ ನೋಡಿದಳು. ಅತ್ತೆ ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಬಾಯಿ ತೆರೆದು, ಒಂದೊಂದೇ ಉಸಿರನ್ನು ಎಳೆದುಕೊಳ್ಳುತ್ತಿದ್ದರು.